ಕುತ್ತಿಗೆಗೆ ಕೇಳುವ ಕರೆಗಂಟೆ

ಮದುವೆ ಮನೆಯಲ್ಲಿ ಪಕ್ಕದ ಎಲೆಯವರು "ತಾವು ಏನು ಮಾಡ್ಕೊಂಡಿದ್ದೀರಿ?" ಎಂದು ಕೇಳಿದಾಗ ತಲೆಯೆತ್ತಿ ಉತ್ತರ ಕೊಡಬಲ್ಲ ಎಂಜಿನಿಯರುಗಳು ಇದ್ದಾರೆ. ಸೇತುವೆ ಕಟ್ಟುವವನು ಕಿಟಕಿಯ ಕಡೆ ಕೈ ತೋರಿಸಿದರೆ ಸಾಕು. ಕಂಪ್ಯೂಟರಿನವನು ಅಷ್ಟೂ ಮಾಡಬೇಕಿಲ್ಲ. ಕೇಳಿದವರೇ ಅವನ ಸಂಬಳವನ್ನು ಊಹಿಸಿಕೊಂಡು ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ನನ್ನ ಪಾಡು ಹಾಗಲ್ಲ. ನಾನು ಕಂಟ್ರೋಲ್ ಪ್ಯಾನೆಲ್ ವಿನ್ಯಾಸ ಮಾಡುವವನು. ಕಾರ್ಖಾನೆಗಳ ಮೂಲೆಯಲ್ಲಿ ಬೂದು ಬಣ್ಣದ ಕಬ್ಬಿಣದ ಕಪಾಟೊಂದು ನಿಂತಿರುತ್ತದೆ, ಅದರ ಬಾಗಿಲ ಮೇಲೆ ತಲೆಬುರುಡೆಯ ಚಿತ್ರ ಇರುತ್ತದೆ, ನೋಡಿರಬಹುದು. ಒಳಗೆ ವೈರು, ಸ್ವಿಚ್ಚು, ಸಣ್ಣ ಸಣ್ಣ ದೀಪಗಳು. ಎಲ್ಲ ಸರಿಯಾಗಿದ್ದರೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ತೆರೆದು ನೋಡಿದರೆಂದರೆ ಏನೋ ಸುಟ್ಟಿದೆ ಎಂದರ್ಥ, ಆಗ ನನ್ನನ್ನು ನೆನೆಯುತ್ತಾರೆ, ಒಳ್ಳೆಯ ಮಾತುಗಳಲ್ಲಿ ಅಲ್ಲ. ಇದನ್ನೆಲ್ಲ ಪಕ್ಕದ ಎಲೆಯವರಿಗೆ ವಿವರಿಸುವಷ್ಟರಲ್ಲಿ ಅವರು ಮಜ್ಜಿಗೆ ಕುಡಿದು ಎದ್ದಿರುತ್ತಾರೆ.

ನಾಲ್ಕು ಜನ ಕಣ್ಣಾರೆ ನೋಡಿ, ಬೈದು, ಮೆಚ್ಚಿ, ಬಳಸಿದ ಒಂದೇ ಒಂದು ಯಂತ್ರವನ್ನು ನಾನು ಮಾಡಿದ್ದು ಕಾರ್ಖಾನೆಗಲ್ಲ, ಡೊಂಬಿವಲಿಯ ನಮ್ಮ ಮನೆಗೆ. ನಮ್ಮ ಮನೆ ಎಂದದ್ದು ಮಾತಿನ ಭರದಲ್ಲಿ. ಅದು ನನ್ನ ಅತ್ತೆಯ ಮನೆ. ಮೈಸೂರಿನಿಂದ ಕೆಲಸ ಹುಡುಕಿಕೊಂಡು ಬಂದು, ಥಾಣೆಯ ಪಕ್ಕದ ಕಳವಾ ಎಂಬ ಊರಿನ ಒಂದು ಖೋಲಿಯಲ್ಲಿ ಗೆಳೆಯರ ಜೊತೆ ಕಾಲು ಮಡಚಿ ಮಲಗುತ್ತಿದ್ದ ನಾನು, ಪ್ರತಿಮಾಳನ್ನು ಮದುವೆಯಾದಾಗ 'ಬೇರೆ ಮನೆ ಸಿಗುವ ತನಕ' ಎಂಬ ಒಪ್ಪಂದದ ಮೇಲೆ ಅತ್ತೆಯ ಮನೆಗೆ ಬಂದೆ. ಬೇರೆ ಮನೆ ಇನ್ನೂ ಸಿಕ್ಕಿಲ್ಲ. ಮೊದಮೊದಲು ಭಾನುವಾರ ಸಂಜೆಗಳಲ್ಲಿ ಹುಡುಕಲು ಹೋಗುತ್ತಿದ್ದೆವು. ಅತ್ತೆ ಮಾಡುವ ನೀರುದೋಸೆಯ ರುಚಿ ಹತ್ತಿದ ಮೇಲೆ ಆ ಹುಡುಕಾಟದಲ್ಲಿ ಮೊದಲಿನ ಬಿರುಸು ಉಳಿಯಲಿಲ್ಲ.

ಅತ್ತೆಯ ಹೆಸರು ಲೀಲಾ; ಕಟ್ಟಡದ ಪಾಲಿಗೆ ಲೀಲಕ್ಕ. ಉಡುಪಿ ಕಡೆಯವರು. ತಾಯಿ ಮಗಳ ನಡುವೆ ತುಳು, ನನ್ನೊಡನೆ ಕನ್ನಡ, ಉಳಿದ ಜಗತ್ತಿನೊಡನೆ ಅವರದೇ ಆದ ಒಂದು ಹಿಂದಿ. ಮಾವ ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು, ಪ್ರತಿಮಾ ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಲ್ಲಿಂದ ಮುಂದೆ ಮಗಳನ್ನು ಓದಿಸಿದ್ದು, ಮನೆ ಉಳಿಸಿಕೊಂಡದ್ದು ಹಾಲ್‌ನ ಕಿಟಕಿಯ ಪಕ್ಕ ಇದ್ದ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಅತ್ತೆ ಹೊಲಿದ ರವಿಕೆ ತೊಟ್ಟವರು ಬೇರೆ ಕಡೆ ಹೊಲಿಸುವುದಿಲ್ಲ ಎಂಬ ಮಾತಿತ್ತು. ಕಲ್ಯಾಣದಿಂದಲೂ ಜನ ಬರುತ್ತಿದ್ದರು. ಪ್ರತಿಮಾ ಥಾಣೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ನಾನೂ ಸಂಪಾದಿಸುತ್ತಿದ್ದುದರಿಂದ, "ಇನ್ನು ಯಾಕಮ್ಮ ಹೊಲಿಯೋದು" ಎಂದು ಮಗಳು ಹೇಳಿದಳು. "ಇದು ಬಿಟ್ಟು ಎಂತ ಮಾಡುದು? ನಿನ್ನ ಗಂಡನ ಮುಖ ನೋಡ್ತಾ ಕೂತ್ಕೊಳ್ಳುದಾ?" ಎಂದರು ಅತ್ತೆ.

ಅವರ ಕಿವಿ ಮಂದವಾಗತೊಡಗಿದ್ದು ಯಾವಾಗ ಎಂದು ಹೇಳುವುದು ಕಷ್ಟ. ಅತ್ತೆಯ ಪ್ರಕಾರ ಅವರ ಕಿವಿಗೆ ಏನೂ ಆಗಿರಲಿಲ್ಲ, ಊರಿನ ಜನ ಬಾಯಿ ತೆರೆದು ಮಾತಾಡುವುದನ್ನು ಬಿಟ್ಟಿದ್ದರು. ಟೀವಿಯಲ್ಲಿ ವಾರ್ತೆ ಓದುವವರೂ ಸೋಮಾರಿಗಳಾಗಿದ್ದರು. ಕಾಗೆಗಳು ಡೊಂಬಿವಲಿ ಬಿಟ್ಟು ಹೋಗಿದ್ದವು. ಎದುರಿಗೆ ಕೂತು ಮಾತಾಡಿದರೆ ತುಟಿಯ ಚಲನೆ ನೋಡಿಯೇ ಎಲ್ಲ ಹಿಡಿದುಬಿಡುತ್ತಿದ್ದರು, ಹಾಗಾಗಿ ಬಹಳ ದಿನ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಕರೆಗಂಟೆಯಿಂದ. ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ. ಗಿರಾಕಿಗಳು ಬಂದು ಬೆಲ್ ಒತ್ತಿ, ಕಾದು, ಹೋಗಿಬಿಡುತ್ತಿದ್ದರು. "ಬೆಲ್ ಸರಿ ಇಲ್ಲ" ಎಂದರು ಅತ್ತೆ. ನಾನು ಬೆಲ್ ಬದಲಾಯಿಸಿದೆ. ಹೊಸದೂ ಸರಿ ಇರಲಿಲ್ಲ. ಕೋಗಿಲೆಯಂತೆ ಕೂಗುವ ಬೆಲ್ ತಂದೆ. ಅದು ಕೂಗಿದ್ದನ್ನು ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಕೇಳಿಸಿಕೊಂಡರು. ಪ್ರತಿಮಾ ಹಟ ಹಿಡಿದು ಡಾಕ್ಟರ ಬಳಿ ಕರೆದೊಯ್ದು ಕಿವಿಗೆ ಹಾಕುವ ಯಂತ್ರ ಕೊಡಿಸಿದಳು. ಅದನ್ನು ಹಾಕಿಕೊಂಡು ಹೊಲಿಯಲು ಕೂತರೆ ಸೂಜಿ ತಲೆಯೊಳಗೇ ಹೊಲಿದಂತಾಗುತ್ತದೆಂದು ಅತ್ತೆ ಅದನ್ನು ತೆಗೆದು ಗುಂಡಿಗಳ ಡಬ್ಬಿಗೆ ಹಾಕಿದರು. ಇತ್ತ ಗಿರಾಕಿಗಳಲ್ಲಿ ಕೆಲವರು ಲೀಲಕ್ಕನಿಗೆ ಈಗ ಅಳಿಯನ ಸಂಬಳ ಬರುತ್ತದೆ, ಬಾಗಿಲು ತೆಗೆಯುವಷ್ಟು ಪುರುಸೊತ್ತಿಲ್ಲ ಎಂದು ಆಡಿಕೊಳ್ಳತೊಡಗಿದ್ದರು.

ನಾನಿದ್ದದ್ದು ಅಂಬರನಾಥದ ಒಂದು ಕಾರ್ಖಾನೆಯಲ್ಲಿ. ನಮ್ಮ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ, ಪ್ರತಿಮಾಳಿಗೆ ಭಾನುವಾರ. ಹೀಗಾಗಿ ಶುಕ್ರವಾರವೆಂದರೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಹೊರಗೆ ಹೋಗಿದ್ದವನು ವಾಪಸು ಬಂದು ನನ್ನ ಬೀಗದ ಕೈಯಿಂದಲೇ ಬಾಗಿಲು ತೆರೆದೆ. ಬಾಗಿಲು ಏನಕ್ಕೋ ತಾಗಿ ನಿಂತಿತು. ಸಂದಿಯಿಂದ ನೋಡಿದರೆ, ಅತ್ತೆ ಬಾಗಿಲಿಗೆ ಒತ್ತಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಅಂಗೈಯನ್ನು ಬಾಗಿಲ ಹಲಗೆಗೆ ಒತ್ತಿ ಹಿಡಿದಿದ್ದರು. ಯಾರಾದರೂ ತಟ್ಟಿದರೆ ಕೈಗೆ ತಿಳಿಯಲಿ ಎಂದು. ಆಚೆ ಕಿಟಕಿಯ ಬಳಿ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ರವಿಕೆ ಹಾಗೇ ಬಿದ್ದಿತ್ತು.

"ಇಲ್ಯಾಕೆ ಕೂತಿದ್ದೀರಿ ಅತ್ತೆ?" ಎಂದೆ.

"ಗಾಳಿಗೆ" ಎಂದರು. ಮುಚ್ಚಿದ ಬಾಗಿಲ ಹಿಂದೆ ಎಂಥ ಗಾಳಿ ಎಂದು ನಾನು ಕೇಳಲಿಲ್ಲ. ಅವರು ಸ್ಟೂಲನ್ನು ಎತ್ತಿಕೊಂಡು ನನ್ನ ಮುಖ ನೋಡದೆ ಒಳಗೆ ಹೋದರು. ಹೊಲಿಯುತ್ತ ಕೂತರೆ ಬಾಗಿಲು ತಪ್ಪುತ್ತದೆ, ಬಾಗಿಲು ಕಾದರೆ ಹೊಲಿಗೆ ನಿಲ್ಲುತ್ತದೆ. ಎಷ್ಟು ಮಧ್ಯಾಹ್ನಗಳನ್ನು ಅವರು ಹೀಗೆ ಕಳೆದಿದ್ದರೋ. ನನಗೆ ಅವತ್ತು ಊಟ ಸರಿಯಾಗಿ ಸೇರಲಿಲ್ಲ ಎಂದರೆ ನಂಬಿ, ಅದೂ ಕೋರಿ ರೊಟ್ಟಿ ಇದ್ದ ದಿನ.

ಈಗ ನಮ್ಮ ಕಾರ್ಖಾನೆಯ ಗೋಡೆಯ ಮೇಲಿನ ಒಂದು ಚಿತ್ರದ ಬಗ್ಗೆ ಹೇಳಬೇಕು. ನಮ್ಮ ಮುಖ್ಯಸ್ಥರು ಅದನ್ನು ದೊಡ್ಡದಾಗಿ ಮಾಡಿಸಿ ಹಾಕಿದ್ದರು. ಯಾವುದೇ ವಸ್ತುವನ್ನು ವಿನ್ಯಾಸ ಮಾಡುವ ಕ್ರಮ ಅದರಲ್ಲಿತ್ತು. ಮೊದಲು ಅಗತ್ಯ ಏನೆಂದು ತಿಳಿ, ಆಮೇಲೆ ನಕ್ಷೆ ಬರೆ, ಮಾದರಿ ಮಾಡು, ಪರೀಕ್ಷಿಸು, ತಿದ್ದು. ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು. ಕೊನೆಯ ಬಾಣ ತಿರುಗಿ ಮೊದಲನೆಯ 'ಅಗತ್ಯ'ಕ್ಕೇ ಹೋಗಿ ಸೇರುತ್ತಿತ್ತು. ಅದು ಅಚ್ಚಿನ ತಪ್ಪಿರಬೇಕು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಅಗತ್ಯ ಏನೆಂದು ಒಮ್ಮೆ ಗೊತ್ತಾದ ಮೇಲೆ ಮತ್ತೆ ಅಲ್ಲಿಗೆ ಹೋಗುವುದೇಕೆ? ಅತ್ತೆಯ ವಿಷಯದಲ್ಲಂತೂ ಅಗತ್ಯ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಅವರಿಗೆ ಬೆಲ್ ಕೇಳಿಸಬೇಕು, ಅಷ್ಟೆ. ಕೇಳಿಸದಿದ್ದರೆ ಇನ್ನಷ್ಟು ಜೋರು ಮಾಡಬೇಕು.

ಮೊದಲ ಮಾದರಿ ಒಂದು ಹೂಟರ್. ಬಾಯ್ಲರಿನಲ್ಲಿ ನೀರು ಕಡಿಮೆಯಾದಾಗ ಕಾರ್ಖಾನೆಯವರನ್ನೆಲ್ಲ ಎಚ್ಚರಿಸುವ ಸಾಧನ ಅದು. ಸ್ಟೋರಿನವರನ್ನು ಕೇಳಿ ಹಳೆಯದೊಂದನ್ನು ತಂದು ಬೆಲ್ಲಿನ ಜಾಗದಲ್ಲಿ ಕೂರಿಸಿದೆ. ಭಾನುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮೊದಲು ಅತ್ತೆಯನ್ನು ಯಂತ್ರದ ಮುಂದೆ ಕೂರಿಸಿ, ಪ್ರತಿಮಾಳನ್ನು ಹೊರಗೆ ಕಳಿಸಿ, ಬಟನ್ ಒತ್ತಲು ಹೇಳಿದೆ. ಮುಂದೆ ಏನಾಯಿತೆಂಬುದನ್ನು ನಮ್ಮ ಕಟ್ಟಡದ ಸೊಸೈಟಿಯ ಹಿರಿಯರು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಮೇಲಿನ ಮಹಡಿಗಳವರು ಮಕ್ಕಳನ್ನು ಎತ್ತಿಕೊಂಡು ಕೆಳಗೆ ಓಡಿದರು. ಯಾರದೋ ಮನೆಯಲ್ಲಿ ಹಾಲು ಉಕ್ಕಿತು. ಸ್ನಾನಕ್ಕೆ ಹೋಗಿದ್ದ ಚೇರ್ಮನ್ನರು ಟವೆಲಿನಲ್ಲಿ ಬಂದರು. ಈ ಗದ್ದಲದ ನಡುವೆ ಅತ್ತೆ ಸೂಜಿಯಿಂದ ಕಣ್ಣೆತ್ತಿ, ತಲೆಯನ್ನು ಸ್ವಲ್ಪ ವಾಲಿಸಿ, "ಎಲ್ಲಿಯೋ ಬೆಲ್ ಆದ ಹಾಗೆ ಆಯ್ತು. ನಮ್ಮದಾ?" ಎಂದರು. ಅವರಿಗೆ ಕೇಳಿಸಿತಲ್ಲ ಎಂಬ ನನ್ನ ವಾದವನ್ನು ಚೇರ್ಮನ್ನರು ಟವೆಲು ಬಿಗಿಮಾಡಿಕೊಳ್ಳುತ್ತ ತಳ್ಳಿಹಾಕಿದರು.

ಎರಡನೆಯ ಮಾದರಿ ಕೆಂಪು ದೀಪ. ಪ್ಯಾನೆಲ್ಲಿನ ಮೇಲೆ ಅಪಾಯ ಸೂಚಿಸಲು ಹಾಕುವಂಥದು, ಮಿನುಗುತ್ತ ಉರಿಯುತ್ತದೆ. ಅದನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ, ಅತ್ತೆಯ ಕಣ್ಣಿಗೆ ಬಿದ್ದೇ ಬೀಳುವ ಎತ್ತರದಲ್ಲಿ ಹಾಕಿದೆ. ಪರೀಕ್ಷೆಯಲ್ಲಿ ನೂರಕ್ಕೆ ನೂರು. ನಾನು ಕಾಲರ್ ಎತ್ತಿಕೊಂಡು ತಿರುಗಿದೆ. ಆದರೆ ವಾರ ಕಳೆಯುವುದರೊಳಗೆ ಮತ್ತೆ ಗಿರಾಕಿಗಳು ಬಂದು ವಾಪಸಾದ ಸುದ್ದಿ. ನೋಡಿದರೆ ದೀಪದ ಮೇಲೆ ಒಂದು ಸೀರೆ ನೇತುಬಿದ್ದಿತ್ತು. ಹೊಲಿಗೆಯವರ ಮನೆ, ಜಾಗ ಸಾಲದು, ಮೊಳೆ ಕಂಡಲ್ಲೆಲ್ಲ ಬಟ್ಟೆ ಎಂದುಕೊಂಡು ದೀಪವನ್ನು ಪಕ್ಕಕ್ಕೆ ಸರಿಸಿದೆ. ಮರುವಾರ ಅಲ್ಲಿ ಒಂದು ಲಂಗ ತೂಗುತ್ತಿತ್ತು.

ಅದರ ಅರ್ಥ ಹೊಳೆಯಲು ಸುಶೀಲಾಬಾಯಿ ಬರಬೇಕಾಯಿತು. ಅವರು ಕೆಳಗಿನ ಮಹಡಿಯ ಇನಾಮದಾರ ರಾಯರ ಹೆಂಡತಿ, ಧಾರವಾಡದವರು, ಮಾತಿಗೂ ಉಪಕಾರಕ್ಕೂ ಸದಾ ಸಿದ್ಧ. ಒಂದು ಶುಕ್ರವಾರ ಮಧ್ಯಾಹ್ನ ರವಿಕೆಯ ಅಳತೆ ಕೊಡಲು ಬಂದವರು ಗೋಡೆ ನೋಡಿ, "ಲೀಲಕ್ಕಾ, ಇದೇನ್ರೀ ಕೆಂಪು ದೀಪಾ? ದವಾಖಾನಿಯೊಳಗ ಆಪರೇಷನ್ ಖೋಲಿಗೆ ಹಾಕಿರ್ತಾರಲ್ಲ, ಹಂಗ ಅದ" ಎಂದರು.

"ಅದು ಅಳಿಯಂದಿರ ಫ್ಯಾಕ್ಟರಿದ್ದು. ಟೆಸ್ಟಿಂಗಿಗೆ ಇಟ್ಟದ್ದು" ಎಂದರು ಅತ್ತೆ. ಹೇಳುತ್ತಲೇ ಎದ್ದು, ಕೈಯಲ್ಲಿದ್ದ ಸೀರೆಯನ್ನು ಕೊಡವಿ, ಏನೂ ಆಗಿಲ್ಲವೆಂಬಂತೆ ದೀಪದ ಮೇಲೆ ಹರವಿದರು. ಮಂಚದ ಮೇಲೆ ಮಲಗಿ ನಿದ್ದೆ ಬಂದವನಂತಿದ್ದ ನಾನು ಅರೆಗಣ್ಣಿನಲ್ಲಿ ಅದನ್ನು ನೋಡಿದೆ. ಬಾಗಿಲಿಗೆ ಯಾರೋ ಬಂದಿದ್ದಾರೆ ಎಂದು ಆ ದೀಪ ಅತ್ತೆಗೆ ಹೇಳುತ್ತಿತ್ತು, ನಿಜ. ಆದರೆ ಬಂದವರಿಗೆಲ್ಲ ಈ ಮನೆಯೊಡತಿಗೆ ಕಿವಿ ಕೇಳಿಸದು ಎಂದೂ ಹೇಳುತ್ತಿತ್ತು. ನಾನು ದೀಪದ ಬಣ್ಣ, ಎತ್ತರ, ವೋಲ್ಟೇಜು ಎಲ್ಲ ಯೋಚಿಸಿದ್ದೆ. ಇಷ್ಟು ವರ್ಷ ತಲೆಯೆತ್ತಿ ಬದುಕಿದ ಹೆಂಗಸೊಬ್ಬಳು ತನ್ನ ಕೊರತೆಯನ್ನು ಗೋಡೆಗೆ ಹೊಡೆದು ಮಿನುಗಿಸಲು ಒಪ್ಪುವುದಿಲ್ಲ ಎಂಬುದನ್ನು ಯೋಚಿಸಿರಲಿಲ್ಲ. ಕೊನೆಯ ಬಾಣ ಮೊದಲಿಗೇ ಯಾಕೆ ಹೋಗುತ್ತದೆಂದು ಅವತ್ತು ತಿಳಿಯಿತು. ಅಚ್ಚು ಹಾಕಿದವನ ಬಗ್ಗೆ ಮನಸ್ಸಿನಲ್ಲೇ ಗೌರವ ಮೂಡಿತು.

ಸುಶೀಲಾಬಾಯಿ ಹೋದರು. ಅತ್ತೆ ನನಗೆ ಬೆನ್ನು ಮಾಡಿ ಮತ್ತೆ ಹೊಲಿಯತೊಡಗಿದರು. ಅದು ಲೋಡ್‌ಶೆಡ್ಡಿಂಗಿನ ಕಾಲ; ಡೊಂಬಿವಲಿಯಲ್ಲಿ ಕರೆಂಟು ದಿನಾ ಗಂಟೆಗಟ್ಟಲೆ ಹೋಗುತ್ತಿತ್ತು. ಅವತ್ತು ಹೋದದ್ದು ನನಗೆ ತಕ್ಷಣ ತಿಳಿಯಲಿಲ್ಲ, ಆದರೆ ಅತ್ತೆ ತಲೆ ಎತ್ತದೆಯೇ "ಹೋಯ್ತು ಕರೆಂಟು" ಎಂದರು. ಮೇಲೆ ನೋಡಿದೆ. ಫ್ಯಾನು ಇನ್ನೂ ಪೂರ್ತಿ ನಿಂತಿರಲಿಲ್ಲ, ನಿಧಾನವಾಗುತ್ತಿತ್ತಷ್ಟೆ. ನಾನು ಎದ್ದು ಅವರ ಎದುರಿಗೆ ಹೋಗಿ ಕೇಳಿದೆ, "ನಿಮಗೆ ಹೇಗೆ ಗೊತ್ತಾಯ್ತು?"

"ಕುತ್ತಿಗೆಗೆ ಗೊತ್ತಾಗ್ತದೆ. ಗಾಳಿ ನಿಂತ ಕೂಡಲೇ ಬೆವರು ಶುರು ಅಲ್ವಾ? ನಿಮಗೆ ಗೊತ್ತಾಗುದಿಲ್ವಾ?" ಎಂದರು, ನನ್ನ ಕುತ್ತಿಗೆಯ ಬಗ್ಗೆ ಸ್ವಲ್ಪ ಕನಿಕರದಿಂದ.

ನಾನು ಅಂಗಿ ಹಾಕಿಕೊಂಡು ನೇರ ಸ್ಟೇಷನ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಬೇಕಾದದ್ದು ಒಂದು ರಿಲೇ, ಅಂದರೆ ಬೆರಳಿನ ಬದಲು ಕರೆಂಟೇ ಒತ್ತುವ ಒಂದು ಸ್ವಿಚ್ಚು. ಹೊರಗೆ ಯಾರಾದರೂ ಬೆಲ್ ಒತ್ತಿದರೆ ಅದು ಒಳಗೆ ಫ್ಯಾನನ್ನು ನಿಲ್ಲಿಸಬೇಕು. ಗದ್ದಲವಿಲ್ಲ, ದೀಪವಿಲ್ಲ. ಬಂದವರಿಗೆ ಏನೂ ಕಾಣುವುದಿಲ್ಲ, ಕೇಳುವುದಿಲ್ಲ. ಗುಟ್ಟು ಫ್ಯಾನಿಗೂ ಅತ್ತೆಯ ಕುತ್ತಿಗೆಗೂ ಮಾತ್ರ.

ಇದನ್ನು ಅತ್ತೆಗೆ ಹೇಳುವ ಬಗೆಯೇ ಯಂತ್ರಕ್ಕಿಂತ ಕಷ್ಟದ ವಿನ್ಯಾಸ. ಪ್ರತಿಮಾಳೊಡನೆ ಮೂರು ಸಂಜೆ ಚರ್ಚಿಸಿದೆ. ಕೊನೆಗೆ ಅತ್ತೆಯ ಎದುರು ಕೂತು, "ಅತ್ತೆ, ಬೆಲ್ ಸರಿ ಇಲ್ಲ ಅಂತ ನೀವು ಹೇಳ್ತಾ ಇದ್ರಿ, ನಾನು ನಂಬಿರಲಿಲ್ಲ. ನೀವು ಹೇಳಿದ್ದೇ ಸರಿ. ಈ ಕಟ್ಟಡದ ವೈರಿಂಗಿಗೆ ಯಾವ ಬೆಲ್ಲೂ ಆಗಲ್ಲ. ಅದಕ್ಕೆ ಇನ್ನು ಮೇಲೆ ಯಾರಾದ್ರೂ ಒತ್ತಿದರೆ ಫ್ಯಾನ್ ನಿಲ್ಲೋ ಹಾಗೆ ಮಾಡ್ತೀನಿ" ಎಂದೆ. ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ತುಟಿ ಓದಿ ಓದಿ ಅವರಿಗೆ ತುಟಿಯ ಹಿಂದಿನದನ್ನೂ ಓದುವ ಅಭ್ಯಾಸವಾಗಿತ್ತು. "ಹಾಗಾದ್ರೆ ಸರಿ" ಎಂದರು.

ಅಲ್ಲಿಂದ ಮುಂದೆ ನಡೆದದ್ದು ಪರೀಕ್ಷೆ, ತಿದ್ದುಪಡಿ, ಮತ್ತೆ ಪರೀಕ್ಷೆ. ಮೊದಲು ಬೆಲ್ ಒತ್ತಿದಷ್ಟು ಹೊತ್ತು ಮಾತ್ರ ಫ್ಯಾನ್ ಆರುವಂತೆ ಮಾಡಿದ್ದೆ. ಆದರೆ ಜನ ಚಕ್ಕನೆ ಒತ್ತಿ ಕೈ ತೆಗೆಯುತ್ತಾರೆ, ಅಷ್ಟರಲ್ಲಿ ಫ್ಯಾನಿಗೆ ತಾನು ಆರಿದ್ದೇ ತಿಳಿಯುತ್ತಿರಲಿಲ್ಲ. ಟೈಮರ್ ಹಾಕಿ ಹೊತ್ತು ಹೆಚ್ಚಿಸಿದೆ. ಆಗ ಬಾಗಿಲು ತೆರೆದು ಬಂದ ಗಿರಾಕಿಗಳು ಗಾಳಿಯಿಲ್ಲದೆ ಬೆವರಿ, "ಲೀಲಕ್ಕ, ಫ್ಯಾನ್ ಲಗಾವೋ" ಎನ್ನತೊಡಗಿದರು. ಕಡಿಮೆ ಮಾಡಿದೆ. ಎಷ್ಟು ಹೊತ್ತು ಸರಿ ಎಂದು ಕೊನೆಗೆ ನಿರ್ಧರಿಸಿದ್ದು ಅತ್ತೆಯೇ, ಕಣ್ಣು ಮುಚ್ಚಿ ಕೂತು, ಪಾಯಸಕ್ಕೆ ಬೆಲ್ಲ ಸಾಕೇ ಎಂದು ಹೇಳುವವರಂತೆ, "ಇನ್ನು ಚೂರು... ಹಾಂ, ಇಷ್ಟು." ಆಮೇಲೆ ಲೋಡ್‌ಶೆಡ್ಡಿಂಗಿನ ತೊಡಕು. ಕರೆಂಟು ಹೋದಾಗಲೂ ಫ್ಯಾನು ನಿಲ್ಲುತ್ತದಲ್ಲ, ಆಗೆಲ್ಲ ಅತ್ತೆ ಎದ್ದು ಹೋಗಿ ನಗುಮುಖದಿಂದ ಬಾಗಿಲು ತೆರೆದು ಖಾಲಿ ಮೆಟ್ಟಿಲುಗಳನ್ನು ಸ್ವಾಗತಿಸುತ್ತಿದ್ದರು. ನಾನು ಬ್ಯಾಟರಿ ಸೇರಿಸಿ ಏನೋ ದೊಡ್ಡ ನಕ್ಷೆ ಬರೆಯುತ್ತಿದ್ದೆ. ಅತ್ತೆ ಹೊಲಿಗೆ ಯಂತ್ರಕ್ಕೆ ಸಿಕ್ಕಿಸಿದ ಪುಟ್ಟ ಬಲ್ಬನ್ನು ಹಗಲಿನಲ್ಲೂ ಉರಿಸಿಡತೊಡಗಿದರು. "ಇದೂ ಹೋದ್ರೆ ಕರೆಂಟಿನವರು. ಇದಿದ್ದು ಫ್ಯಾನ್ ಮಾತ್ರ ಹೋದ್ರೆ ಮನುಷ್ಯರು" ಎಂದರು. ನಾವಿಬ್ಬರೂ ಅಷ್ಟು ಹೊತ್ತು ಒಂದು ಕೆಲಸದ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅದಕ್ಕೂ ಮೊದಲು ನಮ್ಮ ಮಾತುಕತೆ 'ಇನ್ನೊಂದು ಹಾಕ್ಲಾ?', 'ಬೇಡ', 'ಒಂದು' ಇಷ್ಟರಲ್ಲೇ ಮುಗಿಯುತ್ತಿತ್ತು.

ಯಂತ್ರ ನೆಲೆನಿಂತಿತು. ಸ್ಟೂಲು ಬಾಗಿಲ ಬಳಿಯಿಂದ ಅಡುಗೆಮನೆಗೆ ಮರಳಿತು. ಗಿರಾಕಿಗಳ ಗೊಣಗಾಟ ನಿಂತಿತು. ಡಿಸೆಂಬರಿನ ತಂಪಿಗೆ ಪ್ರತಿಮಾ ಫ್ಯಾನ್ ಆರಿಸಲು ಹೋದರೆ ಅತ್ತೆ ಬಿಡುತ್ತಿರಲಿಲ್ಲ. ಶಾಲು ಹೊದ್ದು, ತಲೆಗೆ ಬಟ್ಟೆ ಕಟ್ಟಿ, ಫ್ಯಾನಿನ ಕೆಳಗೆ ಹೊಲಿಯುತ್ತ ಕೂರುತ್ತಿದ್ದರು. ಇಷ್ಟಾದರೂ ಈ ಏರ್ಪಾಡು ಯಾತಕ್ಕೆ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅಧಿಕೃತವಾಗಿ ನಮ್ಮ ಮನೆಯಲ್ಲಿ ಕೆಟ್ಟಿದ್ದದ್ದು ಕಟ್ಟಡದ ವೈರಿಂಗು.

ಅದನ್ನು ನಿಜವೆಂದು ನಂಬಿದವರು ಸುಶೀಲಾಬಾಯಿ ಒಬ್ಬರೇ. ತಾವು ಬೆಲ್ ಒತ್ತಿ ಒಳಗೆ ಕಾಲಿಟ್ಟಾಗಲೆಲ್ಲ ಲೀಲಕ್ಕನ ಫ್ಯಾನು ನಿಂತಿರುವುದನ್ನು ಅವರು ಗಮನಿಸಿದ್ದರು. ಬೆಲ್ಲಿನ ವೈರು ಫ್ಯಾನಿಗೆ ತಾಗಿದೆ, ಇವತ್ತಲ್ಲ ನಾಳೆ ಲೀಲಕ್ಕನಿಗೆ ಶಾಕ್ ಹೊಡೆಯುತ್ತದೆ ಎಂದು ಅವರಿಗೆ ಜೀವ ತಡೆಯಲಿಲ್ಲ. ನಮಗೆ ಹೇಳಿ ಕಾಯುವಷ್ಟು ಸಮಯವಿಲ್ಲವೆಂದು ತಾವೇ ಸೊಸೈಟಿಯ ಎಲೆಕ್ಟ್ರಿಷಿಯನ್ನನ್ನು ಕರೆತಂದು ಮುಂದೆ ನಿಂತು ರಿಪೇರಿ ಮಾಡಿಸಿದರು. ಅತ್ತೆ ಅವನನ್ನು ನಾನು ಕಳಿಸಿದೆನೆಂದು ತಿಳಿದು ಚಹಾ ಕೊಟ್ಟರು. ಅವತ್ತು ಸಂಜೆ ಕೆಲಸದಿಂದ ಬಂದ ನಾನು ಬೆಲ್ ಒತ್ತಿದೆ. ಯಾರೂ ಬರಲಿಲ್ಲ. ಬೀಗ ತೆರೆದು ಒಳಗೆ ಹೋದರೆ ಫ್ಯಾನು ಆನಂದವಾಗಿ ತಿರುಗುತ್ತಿತ್ತು. ನನ್ನ ರಿಲೇ ಪೆಟ್ಟಿಗೆ ಮೇಜಿನ ಮೇಲೆ, ಬಾಲ ಮಡಿಸಿಕೊಂಡ ಬೆಕ್ಕಿನಂತೆ ವೈರು ಸುತ್ತಿಕೊಂಡು ಕೂತಿತ್ತು.

ಏನಾಯಿತೆಂದು ಕೇಳಿ ತಿಳಿಯುವಷ್ಟರಲ್ಲಿ ಪ್ರತಿಮಾಳ ಫೋನು. ಅವಳ ಲೋಕಲ್ ರೈಲು ದಿವಾ ಸ್ಟೇಷನ್ನಿನಲ್ಲಿ ಕೆಟ್ಟು ನಿಂತಿತ್ತು. "ಕಲ್ಯಾಣದ ಗಿರಾಕಿ ನನಗೆ ಫೋನ್ ಮಾಡಿ ಸಿಕ್ಕಾಪಟ್ಟೆ ಬೈದ್ರು. ನಾಳೆ ಬೆಳಿಗ್ಗೆ ಅವರ ಮಗಳ ಮದುವೆ. ಬ್ಲೌಸ್ ತಗೊಂಡು ಹೋಗ್ಲಿಕ್ಕೆ ಮಧ್ಯಾಹ್ನ ಎರಡು ಸಲ ಬಂದ್ರಂತೆ, ಅಮ್ಮ ಬಾಗಿಲೇ ತೆಗೀಲಿಲ್ಲ ಅಂತೆ. ನಾನಂತೂ ಇಲ್ಲಿ ಅಟಕ್ ಆಗಿದ್ದೇನೆ. ನೀವು ಹೇಗಾದ್ರೂ ಮುಟ್ಟಿಸಿ" ಎಂದಳು.

ಅತ್ತೆಗೆ ಹೇಳಿದೆ. ಅವರು ಮೇಜಿನ ಮೇಲಿನ ಪೆಟ್ಟಿಗೆಯನ್ನು ಒಮ್ಮೆ, ಫ್ಯಾನನ್ನು ಒಮ್ಮೆ ನೋಡಿದರು. ಇಸ್ತ್ರಿ ಮಾಡಿ ಮಡಚಿಟ್ಟಿದ್ದ ಮದುವೆಯ ರವಿಕೆಗಳನ್ನು ಚೀಲಕ್ಕೆ ಹಾಕಿದರು. ಸೂಜಿ, ದಾರ, ಕತ್ತರಿಯನ್ನೂ ಹಾಕಿದರು. "ನೀವು ಇರಿ ಅತ್ತೆ, ನಾನು ಕೊಟ್ಟು ಬರ್ತೀನಿ" ಎಂದರೆ, "ಫಿಟ್ಟಿಂಗ್ ನೀವು ನೋಡ್ತೀರಾ?" ಎಂದು ಚಪ್ಪಲಿ ಮೆಟ್ಟಿದರು.

ಕಿವಿ ಮಂದವಾದ ಮೇಲೆ ಅವರು ರೈಲು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಸ್ಟೇಷನ್ನಿನಲ್ಲಿ ನಾನು ಅವರ ಕೈ ಹಿಡಿಯಲು ಹೋದೆ, ಅವರು ಚೀಲವನ್ನು ಆ ಕೈಗೆ ಬದಲಾಯಿಸಿಕೊಂಡರು. ತಡವಾದ ಗಾಡಿ ಭರ್ತಿಯಾಗಿ ಬಂತು. ನನ್ನನ್ನು ಜನ ಒಳಗೆ ತಳ್ಳಿದರು. ಅತ್ತೆ ಮಹಿಳೆಯರ ಡಬ್ಬಿಗೆ ಮದುವೆಯ ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಹತ್ತಿದರು. ಕಲ್ಯಾಣದಲ್ಲಿ ಇಳಿದು ನೋಡಿದರೆ ನನಗಿಂತ ಮೊದಲೇ ಸ್ಟೇಷನ್ನಿನ ಕಾಲುಸೇತುವೆಯ ಬುಡದಲ್ಲಿ ನಿಂತಿದ್ದರು. ನನ್ನ ಅಂಗಿಯ ಒಂದು ಗುಂಡಿ ಹೋಗಿತ್ತು. ಚೀಲ ಒಂದಿಷ್ಟೂ ಮುದುಡಿರಲಿಲ್ಲ.

ಮದುವೆ ಮನೆಯ ಬಾಗಿಲಲ್ಲೇ ಮದುಮಗಳ ತಾಯಿ ಸಿಕ್ಕರು. ನೆಂಟರೆಲ್ಲ ಹಿಂದೆ ನಿಂತಿದ್ದರು. "ದೋ ಬಾರ್ ಆಯೀ ಮೈ. ಬೆಲ್ ಬಜಾ ಬಜಾಕೇ ಥಕ್ ಗಯೀ. ಇತ್ನಾ ಘಮಂಡ್ ಕಾಹೇಕಾ?" ಎಂದು ಶುರುಮಾಡಿದರು. ಎರಡು ಸಲ ಬಂದು ಬೆಲ್ ಒತ್ತಿ ಸುಸ್ತಾದೆ, ಇಷ್ಟು ಸೊಕ್ಕು ಯಾತಕ್ಕೆ ಎಂದು. ನಾನು ಮುಂದೆ ಬಂದು, ಅಭ್ಯಾಸಬಲದಿಂದ, "ಬೆಲ್ ಖರಾಬ್ ಥಾ, ವೈರಿಂಗ್ ಮೇ..." ಎಂದೆ.

ಅತ್ತೆ ನನ್ನ ತುಟಿ ನೋಡುತ್ತಿದ್ದರು. ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. "ಬೆಲ್ ಠೀಕ್ ಥಾ" ಎಂದರು. ಆಮೇಲೆ ತಮ್ಮ ಎರಡೂ ಕಿವಿಗಳನ್ನು ಮುಟ್ಟಿ ತೋರಿಸಿ, "ಮೇರಾ ಕಾನ್ ಖರಾಬ್ ಹೈ. ಮೇರೇಕೂ ಸುನಾಯೀ ನಹೀ ದೇತಾ" ಎಂದರು. ಬೆಲ್ ಸರಿಯಾಗಿತ್ತು, ಕೆಟ್ಟಿರುವುದು ನನ್ನ ಕಿವಿ, ನನಗೆ ಕೇಳಿಸುವುದಿಲ್ಲ ಎಂದು. ನೆಟ್ಟಗೆ ನಿಂತು, ಇವತ್ತು ಮಂಗಳವಾರ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದರು. ಇಷ್ಟು ಕಾಲ ಮನೆಯೊಳಗೂ ಬಾಯಿಬಿಡದ ಮಾತನ್ನು ಅಷ್ಟು ಅಪರಿಚಿತರ ಮುಂದೆ ಹೇಳಿದ್ದನ್ನು ಕೇಳಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮದುಮಗಳ ತಾಯಿಗೂ ತಿಳಿಯಲಿಲ್ಲ. ಅವರು ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹುಡುಗಿ ರವಿಕೆಗಳನ್ನು ತೊಟ್ಟು ನೋಡಿದಳು. ಒಂದರ ತೋಳು ಬಿಗಿಯಾಗಿತ್ತು. ಅತ್ತೆ ಅಲ್ಲೇ ನೆಂಟರ ನಡುವೆ ಚಾಪೆಯ ಮೇಲೆ ಕೂತು, ಹೊಲಿಗೆ ಬಿಚ್ಚಿ, ಕೈಯಲ್ಲೇ ಮತ್ತೆ ಹಾಕಿಕೊಟ್ಟರು. ಸುತ್ತ ಕೂತ ಹೆಂಗಸರು ಅವರೊಡನೆ ಮಾತಾಡುವಾಗ ತಾವಾಗಿಯೇ ಮುಖ ಎದುರಿಗೆ ತಂದು ಮಾತಾಡುತ್ತಿದ್ದರು. ನನಗೆ ಯಾರೋ ಶೀರಾ ಕೊಟ್ಟರು.

ವಾಪಸು ಬರುವ ಗಾಡಿ ಖಾಲಿಯಿತ್ತು. ಅತ್ತೆ ನನ್ನ ಎದುರು ಕೂತರು. "ಹೇಳಿದ್ರೆ ಎಂತ ಆಗ್ತದೋ ಅಂತ ಇಷ್ಟು ದಿನ ಹೆದರಿದ್ದು. ಎಂತದೂ ಆಗ್ಲಿಲ್ಲ" ಎಂದರು. ಠಾಕುರ್ಲಿ ಸ್ಟೇಷನ್ ದಾಟಿದ ಮೇಲೆ, "ಆದ್ರೂ ಆ ಫ್ಯಾನಿಂದು ವಾಪಸ್ ಹಾಕಿ. ಹಾಂ, ನಾಳೆಯೇ" ಎಂದರು.

ಹಾಕಿದೆ. ಅದರ ನಂತರ ನನ್ನ ಗುಟ್ಟಿನ ಯಂತ್ರದ ಗುಟ್ಟು ಉಳಿಯಲಿಲ್ಲ. ಬಂದವರಿಗೆಲ್ಲ ಅತ್ತೆ ತಾವೇ ಮೇಲೆ ಬೆರಳು ತೋರಿಸಿ, "ನನ್ನ ಕಿವಿ ಅಲ್ಲಿ ತಿರುಗ್ತಾ ಉಂಟು ನೋಡಿ. ನನ್ನ ಅಳಿಯ ಮಾಡಿದ್ದು" ಎನ್ನುತ್ತಿದ್ದರು. ಅದನ್ನು ಕೇಳಲೆಂದೇ ನಾನು ಶುಕ್ರವಾರಗಳಂದು ಹೊರಗೆ ಹೋಗುವುದನ್ನು ಕಡಿಮೆ ಮಾಡಿದೆ. ಒಂದು ವಸ್ತುವನ್ನು ಮಾಡಿದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ. ಆದರೂ ನಿಜ ಹೇಳಬೇಕೆಂದರೆ, ಆ ಯಂತ್ರದಲ್ಲಿ ನನ್ನದೆಂಬುದು ರಿಲೇ ಮತ್ತು ವೈರು ಮಾತ್ರ. ಅದು ಏನು ಮಾಡಬೇಕು, ಏನು ಮಾಡಬಾರದು, ಎಷ್ಟು ಹೊತ್ತು ಮಾಡಬೇಕು ಎಂಬುದೆಲ್ಲ ಅತ್ತೆಯದು.

ಸುಶೀಲಾಬಾಯಿ ಮೇಲೆ ಬಂದು ಬಹಳ ನೊಂದುಕೊಂಡರು. ಹಾಗೆಯೇ ಒಂದು ಬೇಡಿಕೆಯನ್ನೂ ಇಟ್ಟರು. "ನಮ್ಮವರಿಗೂ ಕಿವಿ ಹೋಗ್ಯಾವ್ರೀ. ಬೆಲ್ ಹೊಡೀತದ, ನಾ ಅಡಿಗಿ ಮನಿಯಿಂದ ಒದರತೇನಿ, ಇವರು ಆರಾಮ ಕುರ್ಚಿಮ್ಯಾಲೆ ಪೇಪರ್ ಓದಕೋತ ಹೂಂ ಅನ್ನೂದಿಲ್ಲ, ಹಾಂ ಅನ್ನೂದಿಲ್ಲ. ನಮಗೂ ಒಂದು ಹಾಕಿಕೊಡ್ರಿ" ಎಂದರು. ಮನೆಯಲ್ಲಿ ಎಲ್ಲರಿಗೂ ರಜೆಯಿದ್ದ ಒಂದು ಹಬ್ಬದ ದಿನ ನಾನು ಅಳತೆಯ ಟೇಪು, ಪೆನ್ಸಿಲು ಹಿಡಿದು ಅನುಭವಸ್ಥನ ಗತ್ತಿನಲ್ಲಿ ಕೆಳಗಿಳಿದೆ. ಈ ಸಲ ತಪ್ಪು ಮಾಡುವ ಹಾಗಿರಲಿಲ್ಲ. ಬಳಸುವವರನ್ನೇ, ಅದೂ ಏಕಾಂತದಲ್ಲಿ, ಮೊದಲು ಕೇಳಬೇಕು. ಸುಶೀಲಾಬಾಯಿಯನ್ನು ಚಹಾ ಮಾಡಲು ಕಳಿಸಿ, ರಾಯರ ಎದುರು ಕೂತು, ತುಟಿ ಚೆನ್ನಾಗಿ ಅಲುಗಿಸುತ್ತ, "ಮಧ್ಯಾಹ್ನ ಎಲ್ಲಿ ಕೂರ್ತೀರಿ ರಾಯರೇ?" ಎಂದು ಕಿರುಚಿದೆ.

ರಾಯರು ಅಡುಗೆಮನೆಯ ಕಡೆ ಒಮ್ಮೆ ನೋಡಿ ಪೇಪರ್ ಕೆಳಗಿಳಿಸಿದರು. "ಸಾವಕಾಶ ಮಾತಾಡ್ರಿ ತಮ್ಮಾ" ಎಂದರು ಪಿಸುದನಿಯಲ್ಲಿ. "ನನಗ ಎಲ್ಲಾ ಛಲೋ ಕೇಳಸ್ತದ. ಬೆಲ್ಲೂ ಕೇಳಸ್ತದ, ಆಕಿ ಅನ್ನೂದೂ ಕೇಳಸ್ತದ. ರಿಟೈರ್ ಆದಮ್ಯಾಲೆ ಇದೊಂದು ಸುಖ ಅದ. ನಿಮ್ಮ ಫ್ಯಾನ್ ಹಾಕಿ ಅದನ್ನ ಕೆಡಸಬ್ಯಾಡ್ರಿ."

ಅಗತ್ಯ ಇಷ್ಟು ಸ್ಪಷ್ಟವಾಗಿ ನನಗೆ ಯಾವ ಕಾರ್ಖಾನೆಯವರೂ ಹೇಳಿರಲಿಲ್ಲ. ಚಹಾ ಕುಡಿದು, ಗೋಡೆಗೆ ಟೇಪು ಹಿಡಿದು ಅಳೆದಂತೆ ಮಾಡಿ, ನಿಮ್ಮ ವೈರಿಂಗು ಬಹಳ ಹಳೆಯದು, ಈ ಯಂತ್ರ ತಡೆಯುವುದಿಲ್ಲ ಎಂದು ಸುಶೀಲಾಬಾಯಿಗೆ ಹೇಳಿದೆ. ಎಂಜಿನಿಯರ್ ಹೇಳಿದ ಮೇಲೆ ಅವರು ನಂಬಿದರು. ರಾಯರು ಪೇಪರಿನ ಹಿಂದಿನಿಂದ ನನಗೊಂದು ನಮಸ್ಕಾರ ಹಾಕಿದರು.

ಮನೆಗೆ ಬಂದು ಮುಂಬಾಗಿಲನ್ನು ತೆರೆದೇ ಬಿಟ್ಟು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತೆ. ಅತ್ತೆ ಹೊಲಿಯುತ್ತಿದ್ದರು. ಅಡುಗೆಮನೆಯಿಂದ ಪ್ರತಿಮಾ, "ಎಂತ ಆಯ್ತು ಅವರ ಮನೇಲಿ?" ಎಂದು ಕೇಳಿದಳು. ಇವಳಿಗೆ ಹೇಳಿದರೆ ಸಂಜೆಯೊಳಗೆ ಸುಶೀಲಾಬಾಯಿಗೆ ತಲುಪುತ್ತದೆ, ಒಬ್ಬ ಹಿರಿಯರ ನೆಮ್ಮದಿಯ ಪ್ರಶ್ನೆ. ನಾನು ಸುಮ್ಮನಿದ್ದೆ. ಅವಳು ಮತ್ತೆ ಕೇಳಿದಳು. ನಾನು ಪುಟ ತಿರುಗಿಸಿದೆ. ರಾಯರು ಹೇಳಿದ್ದು ಸುಳ್ಳಲ್ಲ, ಇದರಲ್ಲಿ ಸುಖವಿತ್ತು. ಯಾರೋ ನನ್ನ ಹಿಂದಿನಿಂದ ನಡೆದು ಹೋದಂತಾಯಿತು. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಪೇಪರು ಪಟಪಟ ಎನ್ನುವುದು ನಿಂತಿತು. ತಲೆಯೆತ್ತಿದೆ. ಫ್ಯಾನು ನಿಧಾನವಾಗಿ ಸುತ್ತು ಮುಗಿಸಿ ನಿಂತಿತು. ಹೊಸ್ತಿಲಾಚೆ ಪ್ರತಿಮಾ ಬೆಲ್ಲಿನ ಮೇಲೆ ಬೆರಳಿಟ್ಟು, ತೆಗೆಯುವ ಯಾವ ಅವಸರವೂ ಇಲ್ಲದೆ ನಿಂತಿದ್ದಳು.

"ಅಳಿಯಂದಿರೇ, ಬಾಗಿಲಲ್ಲಿ ಯಾರೋ ಬಂದಿದ್ದಾರೆ" ಎಂದರು ಅತ್ತೆ, ಸೂಜಿಯಿಂದ ಕಣ್ಣು ತೆಗೆಯದೆ.

ತೆರೆದೇ ಇದ್ದ ಬಾಗಿಲನ್ನು ತೆರೆಯಲು ನಾನು ಎದ್ದೆ.